ಸಹಾಯ ಬೇಕು: 19 ದಿನದ ಮಗುವಿಗೆ ದಿನಕ್ಕೆ ಎಷ್ಟು ಸಲ ಹಾಲು ಕುಡಿಸಬೇಕು?

ಎಲ್ಲರಿಗೂ ನಮಸ್ಕಾರ. ಬಾಣಂತನಕ್ಕೆ ದಾವಣಗೆರೆಯಲ್ಲಿ ಅಮ್ಮನ ಮನೆಯಲ್ಲಿದ್ದೇನೆ. ಮೊದಲ ಮಗು, ಹೆಣ್ಣು, ಇವತ್ತಿಗೆ 19 ದಿನ. ಹುಟ್ಟಿದಾಗ 2.8 ಕೆಜಿ ಇದ್ದಳು. ಮೊದಲ ವಾರ ಸ್ವಲ್ಪ ಇಳಿದು, 14ನೇ ದಿನ 2.9 ಆಗಿತ್ತು.

24 ಗಂಟೆಯಲ್ಲಿ 8ರಿಂದ 12 ಸಲ ಕುಡಿಸಿ, ಗಡಿಯಾರ ನೋಡಬೇಡಿ, ಮಗು ಕೇಳಿದಾಗ ಕೊಡಿ ಅಂತ ಡಾಕ್ಟರ್ ಹೇಳಿದ್ದಾರೆ. ಹಗಲು ತೊಂದರೆ ಇಲ್ಲ, ಎರಡು ಎರಡೂವರೆ ಗಂಟೆಗೊಮ್ಮೆ ಏಳುತ್ತಾಳೆ. ಆದರೆ ಸಂಜೆ 6ರಿಂದ ರಾತ್ರಿ 10ರವರೆಗೆ ಬಿಡುವುದೇ ಇಲ್ಲ, ಹತ್ತು ನಿಮಿಷ ಕುಡಿದು ಕಣ್ಣು ಮುಚ್ಚುತ್ತಾಳೆ, ಮಲಗಿಸಿದ ಕೂಡಲೇ ಮತ್ತೆ ಬಾಯಿ ತೆರೆದು ಹುಡುಕುತ್ತಾಳೆ, ಕೈ ಚೀಪುತ್ತಾಳೆ, ಎತ್ತಿಕೊಳ್ಳದಿದ್ದರೆ ಜೋರು ಅಳು. ಇದನ್ನು ನೋಡಿ ಅಜ್ಜಿ "ನಿನಗೆ ಹಾಲು ಸಾಲ್ತಿಲ್ಲ ಕಣೇ, ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಹಾಕು" ಅಂತ ದಿನಾ ಹೇಳುತ್ತಾರೆ. ಪಾಪ, ಅವರದ್ದು ಪ್ರೀತಿಯೇ. ಆದರೆ ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಕೊಡಬಾರದು ಅಲ್ವಾ? ನಾನು ಕೊಟ್ಟಿಲ್ಲ, ಕೊಡುವುದೂ ಇಲ್ಲ.

ದಿನಕ್ಕೆ 7-8 ಸಲ ಉಚ್ಚೆ ಮಾಡುತ್ತಾಳೆ, ಕಕ್ಕ ಹಳದಿ ಬಣ್ಣದಲ್ಲೇ ಇದೆ. ಹಾಗಾದರೆ ಹಾಲು ಸಾಲುತ್ತಿದೆ ಅಂತ ತಾನೇ ಅರ್ಥ?

ಇನ್ನೊಂದು ವಿಷಯ. ಎರಡು ದಿನದಿಂದ 10ರ ನಂತರ ನಾಲ್ಕೂವರೆ ಗಂಟೆ ಒಂದೇ ಸಮನೆ ಮಲಗುತ್ತಿದ್ದಾಳೆ. ಎಬ್ಬಿಸಿ ಕುಡಿಸಬೇಕಾ, ಸುಮ್ನೆ ಬಿಡಬಹುದಾ? ನಾನು ಅಂಗಾಲು ಉಜ್ಜಿ ಎಬ್ಬಿಸುತ್ತಿದ್ದೇನೆ, ಆದರೂ ಎರಡು ಗುಟುಕು ಕುಡಿದು ಮತ್ತೆ ನಿದ್ದೆ. ನಾಡಿದ್ದು ತೂಕ ನೋಡಿಸಲು ಹೋಗುತ್ತೇವೆ, ಅಷ್ಟರೊಳಗೆ ಅನುಭವ ಇರುವ ಅಮ್ಮಂದಿರು ದಯವಿಟ್ಟು ಹೇಳಿ. ಸಂಜೆ ಹೀಗೆ ಬಿಡದೆ ಕುಡಿಯುವುದು ನಿಮ್ಮ ಮಕ್ಕಳಿಗೆ ಎಷ್ಟು ವಾರ ಇತ್ತು?