ಅಮ್ಮನಿಗೆ 82, ದಿನಕ್ಕೆ 11 ಮಾತ್ರೆ. ಪಥ್ಯ ಎಷ್ಟು ಬಿಗಿ ಇರಬೇಕು?

ಸಾಗರದವ:
ನಮ್ಮಜ್ಜ 58ಕ್ಕೇ ತೀರಿಕೊಂಡ. ನಾಲ್ಕು ದಿನ ಜ್ವರ, ಮುಗೀತು. ಅಮ್ಮನಿಗೀಗ 82. ಶುಗರ್ 26 ವರ್ಷದ್ದು, ಜೊತೆಗೆ ಬಿಪಿ, ಮಂಡಿ ಸವೆತ, ಹೋದ ವರ್ಷದಿಂದ ಕಿಡ್ನಿಯೂ ವೀಕು. ಮೂರು ಡಾಕ್ಟರು, ಮೂರು ಚೀಟಿ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಪೂರ್ತಿ ಲೆಕ್ಕ ಇರೋದು ನನ್ನ ಹೆಂಡತಿ ಹತ್ರ, ಅದೂ ಮಾತ್ರೆಯ ಬಣ್ಣದ ಮೇಲೆ.

ಹೋದ ವಾರ ಬೆಳಗಿನ ಜಾವ ಅಮ್ಮ ಬಚ್ಚಲಲ್ಲಿ ಬೆವೆತು ಕುಸಿದಳು. ಶುಗರ್ ಮೀಟರಲ್ಲಿ 54. ಬೆಲ್ಲದ ನೀರು ಕುಡಿಸಿದ ಮೇಲೆ ಸರಿಯಾದಳು. ಪುಣ್ಯ, ಸೊಂಟ ಉಳೀತು.

ಈಗ ಹಲಸಿನ ಕಾಲ. ನಿನ್ನೆ ಒಂದು ತೊಳೆ ಕೈಗೆತ್ತಿಕೊಂಡಳು, ನಾನು ಕಸಿದುಕೊಂಡೆ. "ಕೊಟ್ಟಿಗೆಯ ದನಕ್ಕಾದ್ರೂ ಹಲಸಿನ ಸಿಪ್ಪೆ ಹಾಕ್ತಿ" ಅಂದಳು. ರಾತ್ರಿ ನಿದ್ದೆ ಬರಲಿಲ್ಲ.

ನಿವೃತ್ತ ನರ್ಸ್, ಹಾಸನ:
ತಮ್ಮಾ, ಈ ವಯಸ್ಸಲ್ಲಿ 200 ಇರೋ ದಿನಕ್ಕಿಂತ 54ಕ್ಕೆ ಇಳಿದ ದಿನಕ್ಕೇ ಹೆಚ್ಚು ಹೆದರಬೇಕು. ಚೀಟಿಯಲ್ಲಿ ಶುಗರ್ ಮಾತ್ರೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಇದ್ಯಾ ನೋಡು. ಕಿಡ್ನಿ ಸೋತವರಲ್ಲಿ ಇವು ಮೈಯಲ್ಲೇ ಉಳಿದು ಶುಗರ್ ಇಳಿಸ್ತಾನೇ ಇರ್ತವೆ. ಮಂಡಿಗೆ ನೋವಿನ ಮಾತ್ರೆ ಡೈಕ್ಲೋಫೆನಾಕ್ ಕೊಡ್ತಿದ್ರೆ ಅದನ್ನೂ ಕೇಳು, ಕಿಡ್ನಿಗೆ ಅದು ಆಗಲ್ಲ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ) ಗಟ್ಟಿಮುಟ್ಟಾಗಿರೋರಿಗೆ 7ರೊಳಗೆ ಅಂತಾರೆ. ಹತ್ತಾರು ಕಾಯಿಲೆ ಇರೋ ವಯಸ್ಸಾದೋರಿಗೆ 8ರ ಹತ್ರ ಇದ್ರೂ ನಡೆಯುತ್ತೆ. ಎಲ್ಲ ಮಾತ್ರೆ ಚೀಲಕ್ಕೆ ತುಂಬ್ಕೊಂಡು ಹೋಗಿ ಒಬ್ಬ ಫಿಸಿಷಿಯನ್ ಮೇಜಿನ ಮೇಲೆ ಸುರಿ. ನೀನಾಗೇ ಯಾವುದನ್ನೂ ನಿಲ್ಲಿಸಬೇಡ.

ತುಮಕೂರು:
ನಾನು ಜನೌಷಧಿ ಅಂಗಡಿಗೆ ಬದಲಾಯಿಸ್ದೆ. ದುಡ್ಡು ಉಳೀತು, ಮಾತ್ರೆ ಕಮ್ಮಿ ಆಗ್ಲಿಲ್ಲ.

ಗದಗಿನಾಂವ:
ಅಕ್ಕಾರ ಹೇಳಿದ್ದು ಖರೆ. ಆದ್ರ ಪೂರಾ ಸಡ್ಲ ಬಿಡಬ್ಯಾಡ್ರಿ. ನಮ್ಮಪ್ಪಗ ಪಾಪ ಅಂತ ಬಿಟ್ವಿ, ಚಪ್ಲಿ ಕಚ್ಚಿದ ಗಾಯ ಮಾಯಲಿಲ್ಲ, ಎರಡು ಬೆರಳು ತೆಗಸಬೇಕಾತು. ದಿನಾ ಪಾದ ನೋಡ್ರಿ, ಬೆರಳಸಂದಿ ಸೈತ.

ಸಾಗರದವ:
ಹೋಗಿ ಬಂದೆ. ಚೀಲ ಸುರಿದಾಗ ಒಂದೇ ಬಿಪಿ ಮಾತ್ರೆ ಎರಡು ಕಂಪನಿ ಹೆಸರಲ್ಲಿ ಸಿಕ್ತು! ದಿನಾ ಎರಡನ್ನೂ ನುಂಗಿಸ್ತಿದ್ವಿ. ಗ್ಲಿಮೆಪಿರೈಡ್ ನಿಲ್ಲಿಸಿದ್ರು. ಈಗ ಏಳೇ ಮಾತ್ರೆ. ಕಿಡ್ನಿ ವೀಕಿದ್ರೆ ಹಲಸಿನಂಥ ಹಣ್ಣಿಂದ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದಂತೆ, ಅದರ ರಿಪೋರ್ಟ್ ನೋಡಿ ಹಲಸಿಗೂ ಒಪ್ಪಿದ್ರು, ಅಪರೂಪಕ್ಕೆ ಎರಡು ತೊಳೆ.

ಇವತ್ತು ಮಧ್ಯಾಹ್ನ ಅಮ್ಮನ ತಟ್ಟೆ ಪಕ್ಕದ ಬೀಜ ಎಣಿಸಿದೆ. ಐದಿತ್ತು.