ಬಸ್ಸು, ಸೈಕಲ್ ಹುಚ್ಚಿನ ಟೆಕ್ಕಿಗಳ ಮೀಟಪ್ ಶುರು ಮಾಡಬೇಕು. ಮಾಡಿದವರು ಅನುಭವ ಹೇಳ್ತೀರಾ?

ನಾನು ಸಾಫ್ಟ್‌ವೇರ್ ಕೆಲಸದವನು. ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ, ರಜೆ ಸಿಕ್ಕರೆ ಸೈಕಲ್ ತುಳಿಯುತ್ತೇನೆ. ನನ್ನಂಥವರು ಏಳೆಂಟು ಮಂದಿ ಸಿಕ್ಕಿದ್ದಾರೆ. ತಿಂಗಳಿಗೊಮ್ಮೆ ಸೇರಿ ಬಸ್ಸಿನ ಡೇಟಾ, ಮ್ಯಾಪು, ಸೈಕಲ್ ದಾರಿ ಅಂತ ಮಾತಾಡೋಣ, ಸಾಧ್ಯವಾದರೆ ಏನಾದರೂ ಮಾಡೋಣ ಅಂದುಕೊಂಡಿದ್ದೇವೆ. ಸದ್ಯಕ್ಕೆ ತಲೆಯಲ್ಲಿರುವುದು ಇಷ್ಟೇ: ಒಂದು ಹಾಲ್, ಒಂದು ಪ್ರೊಜೆಕ್ಟರು, ಮೂರು ಭಾಷಣ. ಇಂಥ ಗುಂಪುಗಳು ಮೂರನೇ ಸಲಕ್ಕೇ ನಿಂತುಹೋಗುವುದನ್ನೂ ನೋಡಿದ್ದೇನೆ. ಮೊದಲ ಸಲ ಏನು ಮಾಡಬೇಕು, ಏನು ಮಾಡಬಾರದು? ಕೋಡ್ ಬರೆಯದವರನ್ನೂ ಕರೆಯಬೇಕಾ? ನೀವು ಎಡವಿದ ಜಾಗಗಳನ್ನೇ ಮೊದಲು ಹೇಳಿ.

ಕೊನೆ ಬಸ್ಸು:

ಎಡವಿದ್ದೇ ಬೇಕು ಅಂದ್ರಲ್ಲ, ತಗೊಳ್ಳಿ. ನಮ್ಮ ಮೊದಲ ಮೀಟಪ್‌ಗೆ ಜಾಗ ಸಿಕ್ಕಿದ್ದು ಪರಿಚಯದವರೊಬ್ಬರ ಆಫೀಸಿನಲ್ಲಿ. ದೊಡ್ಡ ಪರದೆ, ಒಳ್ಳೆ ಕುರ್ಚಿ, ಬಿಟ್ಟಿ ವೈಫೈ. ಎಲ್ಲ ಚೆನ್ನಾಗಿತ್ತು. ಹತ್ತಿರದ ಬಸ್ ಸ್ಟಾಪಿಗೆ ಮಾತ್ರ 2 ಕಿಲೋಮೀಟರ್, ನಡುವೆ ಫುಟ್‌ಪಾತ್ ಇಲ್ಲದ ಫ್ಲೈಓವರ್. ಸೈಕಲ್ ತಂದವರನ್ನು ಸೆಕ್ಯುರಿಟಿಯವರು ಗೇಟಲ್ಲೇ ನಿಲ್ಲಿಸಿದರು. ಕಾರಾದರೆ ಬೇಸ್‌ಮೆಂಟಿಗೆ ಬಿಡಬಹುದಂತೆ, ಸೈಕಲ್ಲಿಗೆ ಪಾಸ್ ಕೊಡೋಕೆ ಅವರ ಕಂಪ್ಯೂಟರಿನಲ್ಲಿ ಜಾಗವೇ ಇಲ್ಲವಂತೆ. ಒಬ್ಬರು ಸೈಕಲ್ಲನ್ನು ಹೊರಗಿನ ಲೈಟು ಕಂಬಕ್ಕೆ ಕಟ್ಟಿ ಬಂದು, ಹತ್ತು ನಿಮಿಷಕ್ಕೊಮ್ಮೆ ಕಿಟಕಿಗೆ ಹೋಗಿ ಇಣುಕುತ್ತಿದ್ದರು.

ಮಾತು ಮುಗಿದಾಗ ಹತ್ತೂವರೆ. ಕೊನೆ ಬಸ್ಸು ಹೋಗಿ ಇಪ್ಪತ್ತು ನಿಮಿಷ ಆಗಿತ್ತು. ಸಾರ್ವಜನಿಕ ಸಾರಿಗೆ ಬಗ್ಗೆ ಮೂರು ಗಂಟೆ ಕೊರೆದ 11 ಜನ ಗೇಟಿನ ಹೊರಗೆ ನಿಂತು ಕ್ಯಾಬ್ ಬುಕ್ ಮಾಡುತ್ತಿದ್ದೆವು. ಯಾರೂ ಯಾರ ಮುಖಾನೂ ನೋಡಲಿಲ್ಲ.

ಆವತ್ತಿನಿಂದ ಜಾಗ ಹುಡುಕುವಾಗ ಮೊದಲು ಸ್ಟಾಪ್ ಆರಿಸುತ್ತೇವೆ, ಆಮೇಲೆ ಅದರ ಸುತ್ತ ಕಟ್ಟಡ. ಐದು ನಿಮಿಷಕ್ಕಿಂತ ಜಾಸ್ತಿ ನಡೆಯುವ ಹಾಗಿದ್ದರೆ ಬೇಡ. ವೀಲ್‌ಚೇರ್ ಬರಲಾಗದ ಮೆಟ್ಟಿಲಿದ್ದರೆ ಬೇಡ. ಕೊನೆ ಬಸ್ಸಿಗೆ ಮುಕ್ಕಾಲು ಗಂಟೆ ಮೊದಲೇ ಮುಗಿಸುತ್ತೇವೆ, ಯಾರು ಮಾತಾಡುತ್ತಿದ್ದರೂ ಸರಿ. ಆಹ್ವಾನದಲ್ಲಿ ಮೊದಲ ಸಾಲು ಸ್ಟಾಪಿನ ಹೆಸರು, ರೂಟ್ ನಂಬರ್, ಸೈಕಲ್ ಎಲ್ಲಿ ಇಡಬಹುದು ಅನ್ನೋದು. ಹಾಲ್‌ನ ಹೆಸರು ಆಮೇಲೆ.

ನೋಟ್‌ಬುಕ್ಕು:

ಮೇಲಿನವರ ಮಾತಿಗೆ ನೂರಕ್ಕೆ ನೂರು. ನನ್ನದು ಇನ್ನೊಂದು: ಮೂರು ಭಾಷಣ ಬೇಡ. ಮೊದಲ ಸಲವಂತೂ ಒಂದೂ ಬೇಡ. ಕೇಳೋಕೆ ಬಂದವರು ಕೇಳಿ ಎದ್ದು ಹೋಗುತ್ತಾರೆ. ಕೈಗೆ ಕೆಲಸ ಸಿಕ್ಕಿದವರು ಮತ್ತೆ ಬರುತ್ತಾರೆ.

ನಾವು ಮಾಡಿದ್ದು ಹೇಳುತ್ತೇನೆ, ಬೇಕಾದರೆ ಹಾಗೇ ಎತ್ತಿಕೊಳ್ಳಿ. 14 ಜನ ಇಬ್ಬಿಬ್ಬರಾಗಿ 7 ಸ್ಟಾಪಿಗೆ ಹೋದೆವು. ಎಲ್ಲರದೂ ಒಂದೇ ರೂಟು. ಕೈಯಲ್ಲಿ ಪೆನ್ನು, ನೋಟ್‌ಬುಕ್ಕು, ಅಷ್ಟೇ. ಒಬ್ಬರು ಬಸ್ ಬಂದ ಟೈಮ್ ಬರೆಯಬೇಕು. ಇನ್ನೊಬ್ಬರು ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು, ಬಸ್ಸು ಎಷ್ಟು ಸೆಕೆಂಡ್ ನಿಂತಿತ್ತು ಅಂತ ಬರೆಯಬೇಕು. ಒಂದು ಗಂಟೆ ಬಿಟ್ಟು ಎಲ್ಲರೂ ವಾಪಸ್ ಬಂದು ಏಳೂ ಪುಟಗಳನ್ನು ನೆಲದ ಮೇಲೆ ಸಾಲಾಗಿ ಹರಡಿದೆವು. ಮೊದಲ ಸ್ಟಾಪಿನಲ್ಲಿ ಬಸ್ಸುಗಳು ಹೆಚ್ಚುಕಡಿಮೆ 10 ನಿಮಿಷಕ್ಕೊಂದರಂತೆ ಬಂದಿದ್ದವು. ನಾಲ್ಕನೆಯದರಲ್ಲಿ ಒಮ್ಮೆ 6 ನಿಮಿಷ, ಒಮ್ಮೆ 14. ಏಳನೆಯದರಲ್ಲಿ ಎರಡು ಬಸ್ಸು ಒಂದರ ಹಿಂದೆ ಒಂದು ಅಂಟಿಕೊಂಡು ಬಂದಿವೆ, ಆಮೇಲೆ 19 ನಿಮಿಷ ಏನೂ ಇಲ್ಲ.

ಕಾರಣ ಆ ಪುಟಗಳಲ್ಲೇ ಇತ್ತು. ಮುಂದೆ ಹೋಗುತ್ತಿರುವ ಬಸ್ಸು ಸ್ವಲ್ಪ ತಡವಾದರೆ ಸ್ಟಾಪಿನಲ್ಲಿ ಜನ ಜಾಸ್ತಿ ಸೇರಿರುತ್ತಾರೆ. ಅವರು ಹತ್ತುವಷ್ಟರಲ್ಲಿ ಇನ್ನೂ ತಡ. ಅದರ ಹಿಂದೆ ಬರುವ ಬಸ್ಸಿಗೆ ಹತ್ತುವವರೇ ಇಲ್ಲ, ಅದು ಬೇಗ ಬಂದು ಮುಂದಿನದರ ಬಾಲ ಹಿಡಿಯುತ್ತದೆ. ಇದನ್ನು ಸ್ಲೈಡಿನಲ್ಲಿ ತೋರಿಸಿದ್ದರೆ ಎಲ್ಲರೂ ತಲೆಯಾಡಿಸಿ ಮರೆತುಬಿಡುತ್ತಿದ್ದರು.

ಆಮೇಲೆ ಒಬ್ಬರು ಲೆಕ್ಕ ಹಾಕಿದರು. ಗಂಟೆಗೆ 6 ಬಸ್ಸು ಸಮನಾಗಿ ಬಂದರೆ ಸರಾಸರಿ 5 ನಿಮಿಷ ಕಾದರೆ ಸಾಕು. ಅದೇ 6 ಬಸ್ಸು ಜೋಡಿ ಜೋಡಿಯಾಗಿ, ಅಂದರೆ 1 ನಿಮಿಷ, 19 ನಿಮಿಷ, ಮತ್ತೆ 1, ಮತ್ತೆ 19 ಅಂತ ಬಂದರೆ? ನೀವು ಸ್ಟಾಪಿಗೆ ಬರುವ ಹೊತ್ತು ಆ ಉದ್ದದ ಬಿಡುವಿನಲ್ಲೇ ಬೀಳೋದು ಜಾಸ್ತಿ, 20ರಲ್ಲಿ 19 ಸಲ. ಸರಾಸರಿ ಕಾಯುವ ಹೊತ್ತು 9 ನಿಮಿಷ ದಾಟುತ್ತದೆ. ಬಸ್ಸುಗಳ ಸಂಖ್ಯೆ ಅಷ್ಟೇ, ಕಾಯೋದು ಹತ್ತತ್ತಿರ ದುಪ್ಪಟ್ಟು. 'ನಾನು ಹೋದಾಗಲೇ ಬಸ್ ಬರಲ್ಲ' ಅಂತ ಗೊಣಗುತ್ತಿದ್ದವರಿಗೆ ಆವತ್ತು ಪರಮಾನಂದ. ಅವರ ಗೊಣಗಾಟಕ್ಕೂ ಒಂದು ಗಣಿತ ಇದೆ ಅಂತ ಗೊತ್ತಾಯಿತಲ್ಲ!

ಆ 14 ಜನರಲ್ಲಿ ಕೋಡ್ ಬರೆಯುವವರು 5 ಮಂದಿ. ನಿಮ್ಮ ಕೊನೆ ಪ್ರಶ್ನೆಗೆ ನನ್ನ ಉತ್ತರ ಇದೇ.

ಪುಕ್ಕಟೆ ಸಲಹೆ:

ಹ್ಯಾಕಥಾನ್, ಅಂದರೆ ಒಂದೆರಡು ದಿನ ಒಟ್ಟಿಗೆ ಕೂತು ಪ್ರೋಗ್ರಾಮ್ ಬರೆಯುವ ಕೂಟ, ಮಾಡಬೇಡಿ. ಎರಡು ದಿನದಲ್ಲಿ ಹತ್ತು ಆ್ಯಪ್ ಹುಟ್ಟುತ್ತವೆ, ಮೂರನೇ ದಿನ ಹತ್ತೂ ಸಾಯುತ್ತವೆ. ಅನುಭವದಿಂದ ಹೇಳ್ತಿದೀನಿ, ಅದರಲ್ಲಿ ಎರಡು ನನ್ನವೇ.

ಅಲ್ಪವಿರಾಮ:

ಡೇಟಾ ಕಡೆಯಿಂದ ಶುರು ಮಾಡುವುದಾದರೆ ಜಿಟಿಎಫ್‌ಎಸ್‌ನಿಂದ ಶುರು ಮಾಡಿ. ಗೊತ್ತಿಲ್ಲದವರಿಗಾಗಿ ಎರಡು ಮಾತು: ಬಸ್ಸು, ರೈಲುಗಳ ವೇಳಾಪಟ್ಟಿ ಬರೆದಿಡುವ ಒಂದು ಪದ್ಧತಿ ಅದು, ಪೂರ್ತಿ ಹೆಸರು ಜನರಲ್ ಟ್ರಾನ್ಸಿಟ್ ಫೀಡ್ ಸ್ಪೆಸಿಫಿಕೇಶನ್. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಟ್ರೈಮೆಟ್ ಸಾರಿಗೆ ಸಂಸ್ಥೆ ಮತ್ತು ಗೂಗಲ್ ಸೇರಿ ಶುರು ಮಾಡಿದ್ದು. ಕಾರಿನ ದಾರಿ ಹುಡುಕುವಷ್ಟು ಸುಲಭವಾಗಿ ಬಸ್ಸಿನ ದಾರಿ ಯಾಕೆ ಸಿಗಲ್ಲ ಅಂತ ಟ್ರೈಮೆಟ್‌ನ ಬಿಬಿಯಾನಾ ಮಕ್‌ಹ್ಯೂ ಅವರಿಗೆ ತಲೆಕೆಟ್ಟಿತ್ತು, ಅಲ್ಲಿಂದ ಬಂತು. ಹೆಸರಿನ ಮೊದಲ ಅಕ್ಷರ ಆಗ ಗೂಗಲ್ ಅಂತಿತ್ತು, ಆಮೇಲೆ ಜನರಲ್ ಆಯಿತು. ಒಂದು ಜಿಪ್ ಫೈಲು, ಅದರೊಳಗೆ ಕಾಮಾ ಹಾಕಿ ಬರೆದ ಕೆಲವು ಪಟ್ಟಿಗಳು. ಸ್ಟಾಪುಗಳದೊಂದು, ರೂಟುಗಳದೊಂದು, ಟ್ರಿಪ್ಪುಗಳದೊಂದು, ಯಾವ ಟ್ರಿಪ್ಪು ಯಾವ ಸ್ಟಾಪಿಗೆ ಎಷ್ಟು ಹೊತ್ತಿಗೆ ಅನ್ನೋದೊಂದು. ಯಾರು ಬೇಕಾದರೂ ತೆರೆದು ಓದಬಹುದು.

ಮೊದಲ ಸಲ ಬಂದವರಿಗೆ ನಾನು ಹುಡುಕಲು ಕೊಡುವುದು ಒಂದೇ ಸಾಲು: 25:35:00. 'ಇದು ತಪ್ಪಲ್ವಾ? ದಿನಕ್ಕೆ 24 ಗಂಟೆ ತಾನೇ?' ಅನ್ನುತ್ತಾರೆ. ತಪ್ಪಲ್ಲ. ರಾತ್ರಿ ಹನ್ನೊಂದೂವರೆಗೆ ಹೊರಟ ಬಸ್ಸು ಮಧ್ಯರಾತ್ರಿ ದಾಟಿ ಒಂದೂ ಮೂವತ್ತೈದಕ್ಕೆ ಕೊನೆ ಸ್ಟಾಪ್ ಮುಟ್ಟಿದರೆ ಅದು ಇನ್ನೂ ನಿನ್ನೆಯ ಬಸ್ಸೇ. ಡ್ರೈವರಿಗೂ ಹಾಗೇ, ಡ್ಯೂಟಿ ಮುಗಿಯುವ ತನಕ ತಾರೀಖು ಬದಲಾಗಲ್ಲ. ಈ ಒಂದು ಸಾಲಿನ ಮೇಲೆ ಅರ್ಧ ಗಂಟೆ ಮಾತು ನಡೆಯುತ್ತದೆ.

ನಾವು ಎಡವಿದ್ದು: ಸ್ಟಾಪುಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು, ಹೆಸರಿನ ಕಾಗುಣಿತ ಸರಿಮಾಡಿ, ಸೇವ್ ಮಾಡಿದೆವು. ಸ್ಟಾಪ್ ಸಂಖ್ಯೆ 00417 ಇದ್ದದ್ದು ಸದ್ದಿಲ್ಲದೆ 417 ಆಗಿತ್ತು. ಟ್ರಿಪ್ಪುಗಳು ಇನ್ನೂ 00417 ಅನ್ನೇ ಹುಡುಕುತ್ತಿವೆ. ಮ್ಯಾಪಿನಲ್ಲಿ ಸ್ಟಾಪುಗಳೆಲ್ಲ ಇವೆ, ಬಸ್ಸೇ ಇಲ್ಲ. ಇಡೀ ಮಧ್ಯಾಹ್ನ ಕೋಡ್ ಬೈದುಕೊಂಡು ಕೂತೆವು. ಆ ಕಾಲಂ ಅನ್ನು ಟೆಕ್ಸ್ಟ್ ಅಂತ ಗುರುತು ಮಾಡಿ ತೆರೆಯಬೇಕು, ಅಷ್ಟೇ. ಇನ್ನೊಂದು ಸಲ ಅಕ್ಷಾಂಶ, ರೇಖಾಂಶ ಅದಲುಬದಲಾಗಿ ಒಂದು ಸ್ಟಾಪು ಸಮುದ್ರದ ನಡುವೆ ಹೋಗಿ ಕೂತಿತ್ತು. ಅದಕ್ಕೆ ಹೆಸರಿಟ್ಟು ಒಂದು ವಾರ ಹಾಗೇ ಬಿಟ್ಟೆವು.

ಕಿಟಕಿ ಸೀಟು:

ಕೋಡ್ ಬರೆಯದವರ ಬಗ್ಗೆ ನಾನೂ ಒಂದು ಸೇರಿಸುತ್ತೇನೆ. ನಮ್ಮ ನಾಲ್ಕನೇ ಮೀಟಪ್‌ಗೆ ರಿಟೈರ್ ಆದ ಬಸ್ ಡ್ರೈವರ್ ಒಬ್ಬರು ಬಂದರು. ಸದಸ್ಯರೊಬ್ಬರ ದೊಡ್ಡಪ್ಪ, ಸುಮ್ನೆ ಜೊತೆಗೆ ಬಂದವರು. ಹಿಂದಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ನಾವು ಲೈವ್ ಮ್ಯಾಪ್ ಹಾಕಿಕೊಂಡು ಒಂದು ಬಸ್ಸು ತನ್ನ ರೂಟು ಬಿಟ್ಟು ಬೇರೆಲ್ಲೋ ಓಡುತ್ತಿದೆ, ಜಿಪಿಎಸ್ ಕೆಟ್ಟಿದೆ ಅಂತ ವಾದ ಮಾಡುತ್ತಿದ್ದೆವು. ಅವರು ಎದ್ದು ಬಂದು ಹತ್ತು ಸೆಕೆಂಡ್ ನೋಡಿದರು. 'ಜಿಪಿಎಸ್ ಸರಿ ಇದೆ ಕಣ್ರಪ್ಪ. ಬೆಳಿಗ್ಗೆ ಡಿಪೋದಲ್ಲಿ ಒಂದು ರೂಟಿನ ನಂಬರ್ ಒತ್ತಿರ್ತಾರೆ. ಆಮೇಲೆ ಬೇರೆ ಗಾಡಿ ಕೆಟ್ಟು, ಇದನ್ನ ಆ ರೂಟಿಗೆ ಕಳಿಸಿರ್ತಾರೆ. ನಂಬರ್ ಬದಲಾಯಿಸೋಕೆ ಯಾರಿಗೆ ಪುರುಸೊತ್ತು?' ಅಂದರು.

ಆಮೇಲೆ ವೇಳಾಪಟ್ಟಿ ತೋರಿಸಿ ಕೇಳಿದೆವು. ಕೊನೆ ಸ್ಟಾಪಿನಲ್ಲಿ 4 ನಿಮಿಷ ಬಿಡುವು ಬರೆದಿತ್ತು. ಅವರು ನಕ್ಕರು. ಶೌಚಾಲಯ ರಸ್ತೆಯ ಆಚೆ ಇದ್ದರೆ 4 ನಿಮಿಷದಲ್ಲಿ ಹೋಗಿ ಬರೋಕಾಗುತ್ತಾ? ನಮ್ಮ ಪ್ರೋಗ್ರಾಮಿನಲ್ಲಿ ಆ 4 ನಿಮಿಷ 'ಪೋಲಾಗುವ ಸಮಯ' ಅಂತ ಕೆಂಪು ಬಣ್ಣದಲ್ಲಿ ಕಾಣುತ್ತಿತ್ತು. ಆವತ್ತೇ ಆ ಕೆಂಪು ತೆಗೆದೆವು.

ಒಂದು ಎಚ್ಚರಿಕೆ. ಸಾರಿಗೆ ಇಲಾಖೆಯ ಅಧಿಕಾರಿಗಳನ್ನು ಮೊದಲ ತಿಂಗಳೇ ಕರೆಯಬೇಡಿ. ಎಲ್ಲರೂ ದೂರು ಹೇಳುತ್ತಾರೆ, ಅವರು ಮತ್ತೆ ಬರಲ್ಲ. ಕೈಯಲ್ಲಿ ತೋರಿಸಲು ಏನಾದರೂ ಇದ್ದಾಗ ಕರೆಯಿರಿ.

ಪ್ರಶ್ನೆ ಕೇಳಿದವನು:

ಇಷ್ಟೊಂದು ಬರುತ್ತೆ ಅಂತ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. ಪ್ರೊಜೆಕ್ಟರ್ ಬುಕಿಂಗ್ ಕ್ಯಾನ್ಸಲ್ ಮಾಡಿದೆ. ಸೈಕಲ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಬಾಲಂಗೋಚಿ:

ನಾನು ಹೇಳ್ತೀನಿ. ಗುಂಪಾಗಿ ಸೈಕಲ್ ಹೋಗುವಾಗ ಮುಂದೆ ದಾರಿ ಗೊತ್ತಿರುವವರು, ಕಟ್ಟಕಡೆಗೆ ಒಬ್ಬರು. ಅವರನ್ನು ದಾಟಿ ಯಾರೂ ಹಿಂದುಳಿಯಬಾರದು. ಆ ಕೊನೆಯವರ ಹತ್ತಿರ ಪಂಪು, ಪ್ಯಾಚು, ಟೈರ್ ಲಿವರ್ ಇರಬೇಕು. ನಾನು ಎರಡು ವರ್ಷ ಅದೇ ಕೆಲಸ ಮಾಡಿದೆ, ಹೆಸರು ಅಲ್ಲಿಂದಲೇ ಬಂದಿದ್ದು. ನಿಧಾನದವರ ವೇಗವೇ ಗುಂಪಿನ ವೇಗ. ಟೆಕ್ಕಿಗಳ ಗುಂಪಿನಲ್ಲಿ ಕಾರ್ಬನ್ ಫ್ರೇಮಿನ ಹಗುರ, ವೇಗದ ಸೈಕಲ್ಲಿನವರು ಇಬ್ಬರಾದರೂ ಇರುತ್ತಾರೆ, ಅವರಿಗೆ ಇದನ್ನು ಹೊರಡುವ ಮೊದಲೇ ಹೇಳಿ. 10 ಕಿಲೋಮೀಟರ್ ಸಾಕು, ಹಿಂದಿನ ದಿನ ನೀವೇ ಒಂದು ಸಲ ತುಳಿದು ನೋಡಿ.

ದಾರಿಯಲ್ಲಿ ಮಾಡೋಕೆ ಕೆಲಸ: ಓಪನ್‌ಸ್ಟ್ರೀಟ್‌ಮ್ಯಾಪ್. 2004ರಿಂದ ಜನರೇ ಬರೆಯುತ್ತಿರುವ ಮ್ಯಾಪು. ಸ್ಟ್ರೀಟ್‌ಕಂಪ್ಲೀಟ್ ಅಂತ ಆ್ಯಪ್ ಇದೆ. ಈ ಬಸ್ ಸ್ಟಾಪಿಗೆ ನೆರಳಿದೆಯಾ, ಕೂರಲು ಬೆಂಚಿದೆಯಾ, ಈ ರಸ್ತೆ ಡಾಂಬರೋ ಮಣ್ಣೋ ಅಂತ ಒಂದೊಂದೇ ಕೇಳುತ್ತದೆ, ನೀವು ನೋಡಿ ಉತ್ತರ ಒತ್ತಬೇಕು. ಸೈಕಲ್ ನಿಲ್ಲಿಸಿಯೇ ಒತ್ತಿ, ದಯವಿಟ್ಟು. ಒಬ್ಬರು ತುಳಿಯುತ್ತಲೇ ಒತ್ತಲು ಹೋಗಿ ಅದೇ ಬೆಂಚಿಗೆ ಗುದ್ದಿದರು. ಬೆಂಚು ಇದೆ ಅಂತ ಖಾತ್ರಿಯಾಯಿತು ಬಿಡಿ.

ಹೊಸಬರು ಮಾಡುವ ತಪ್ಪು ಒಂದಿದೆ: ಗೂಗಲ್ ಮ್ಯಾಪ್ ನೋಡಿಕೊಂಡು ಹೆಸರುಗಳನ್ನು ಇದರಲ್ಲಿ ತುಂಬೋದು. ಲೈಸೆನ್ಸ್ ಪ್ರಕಾರ ಹಾಗೆ ಮಾಡುವಂತಿಲ್ಲ. ಕಣ್ಣಾರೆ ನೋಡಿದ್ದನ್ನೇ ಬರೆಯಬೇಕು. ನಮ್ಮಲ್ಲಿ ಒಬ್ಬರು ಉತ್ಸಾಹದಲ್ಲಿ ಒಂದೇ ರಾತ್ರಿ 60 ಹೆಸರು ಹಾಕಿದ್ದರು, ಅಷ್ಟನ್ನೂ ಅಳಿಸಬೇಕಾಯಿತು. ಪಾಪ, ಅವರು ಮತ್ತೆ ಬರಲೇ ಇಲ್ಲ. ಮೊದಲೇ ಹೇಳಬೇಕಿತ್ತು, ಅದು ನಮ್ಮ ತಪ್ಪು.

ಇನ್ನು ಸೈಕಲ್ ತುಳಿದ ದಾರಿಯ ಜಿಪಿಎಸ್ ಗೆರೆ ಹಂಚಿಕೊಳ್ಳುವಾಗ ಶುರುವಿನ ಮತ್ತು ಕೊನೆಯ ಅರ್ಧ ಕಿಲೋಮೀಟರ್ ಕತ್ತರಿಸಿಬಿಡಿ. ಎಲ್ಲರ ಗೆರೆಯೂ ಅವರವರ ಮನೆ ಬಾಗಿಲಲ್ಲೇ ಶುರುವಾಗುತ್ತದೆ. ಓಟ, ಸೈಕಲ್ ದಾರಿ ದಾಖಲಿಸುವ ಸ್ಟ್ರಾವಾ ಆ್ಯಪ್‌ನ ಜಾಗತಿಕ ಹೀಟ್‌ಮ್ಯಾಪ್‌ನಲ್ಲಿ (ಎಲ್ಲರ ಗೆರೆಗಳನ್ನೂ ಒಟ್ಟಿಗೆ ತೋರಿಸುವ ಮ್ಯಾಪು) ಸೈನಿಕರ ಓಟದ ಗೆರೆಗಳಿಂದ ಸೇನಾ ನೆಲೆಗಳೇ ಕಾಣಿಸಿಕೊಂಡು 2018ರಲ್ಲಿ ಗಲಾಟೆಯಾಗಿತ್ತು. ಸೈನ್ಯಕ್ಕೇ ಹಾಗಾದರೆ, ರಾತ್ರಿ ಒಬ್ಬಳೇ ಮನೆಗೆ ಹೋಗುವ ನನಗೆ? ಇದನ್ನು ಮೊದಲ ದಿನವೇ ಹೇಳಿದ್ದರಿಂದ ನಮ್ಮ ಗುಂಪಿನಲ್ಲಿ ಹೆಂಗಸರು ಉಳಿದರು ಅಂತ ನನ್ನ ನಂಬಿಕೆ.

ಅಲ್ಪವಿರಾಮ:

ನೋಟ್‌ಬುಕ್ಕು ಅವರೇ, ಭಾಷಣ ಒಂದೂ ಬೇಡ ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಹೊರಗೆ ಸುತ್ತಿ ಬಂದ ಮೇಲೆ ಐದೈದು ನಿಮಿಷ, ಆವತ್ತು ನೋಡಿದ್ದರ ಬಗ್ಗೆ ಮಾತ್ರ. ಮಾತಾಡೋಕೆ ಹೆದರುವವರೂ ಐದು ನಿಮಿಷಕ್ಕೆ ಏಳುತ್ತಾರೆ.

ನೋಟ್‌ಬುಕ್ಕು:

ಐದಾದರೆ ಸರಿ. ಗಡಿಯಾರ ನನ್ನ ಕೈಯಲ್ಲಿರಲಿ.

ಪ್ರಶ್ನೆ ಕೇಳಿದವನು:

ಹೀಗೆ ಮಾಡ್ತೀವಿ: ಮೊದಲ ಸಲ ಸ್ಟಾಪ್ ಎಣಿಕೆ, ಎರಡನೇ ಸಲ ಸೈಕಲ್. ಜಾಗವೂ ಬದಲಾಯಿಸಿದೆ. ಒಂದು ಲೈಬ್ರರಿಯ ಕೋಣೆ, ಮೆಟ್ಟಿಲಿಲ್ಲ, ಸೈಕಲ್ ಒಳಗೇ ಇಡಬಹುದು. ಸ್ಟಾಪಿನಿಂದ ನಿನ್ನೆ ನಡೆದು ನೋಡಿದೆ, 4 ನಿಮಿಷ.

ಕೊನೆ ಬಸ್ಸು:

ಹೋಗೋಕೆ 4 ನಿಮಿಷ, ಸರಿ. ವಾಪಸ್ ಬರುವ ಬಸ್ಸು ರಸ್ತೆಯ ಯಾವ ಕಡೆ ನಿಲ್ಲುತ್ತೆ ಅಂತ ನೋಡಿದ್ರಾ?

ಪ್ರಶ್ನೆ ಕೇಳಿದವನು:

ಇಲ್ಲ. ನಾಳೆ ಹೋಗಿ ನೋಡಿ ಬಂದು ಹೇಳ್ತೀನಿ.