ಬೋಳಾಯಿತೋ, ಬೋಳು ಮಾಡಿದರೋ? ಬ್ಯಾಣ, ಹಡ್ಲು, ಮುಳುಗಡೆ: ಒಂದು ಪದಚರ್ಚೆ

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಸಾಗರದ ಹತ್ತಿರ ನಮ್ಮೂರ ಶಾಲೆಯಲ್ಲಿ ವಸ್ತುಪ್ರದರ್ಶನ ಇದೆ. ಮಲೆನಾಡಿನ ಕಾಡಿನ ಬಗ್ಗೆ ನಾಲ್ಕು ಫಲಕ ಬರೆದುಕೊಡಿ ಎಂದು ಮೇಷ್ಟ್ರು ಕೇಳಿದ್ದರು. ಮೊದಲ ಫಲಕಕ್ಕೆ ಹೀಗೆ ಬರೆದೆ: 'ಪ್ರಾಚೀನ ಹವಾಮಾನ ಬದಲಾವಣೆ ಹಾಗೂ ಮಾನವ ಚಟುವಟಿಕೆಗಳು ಭೂದೃಶ್ಯವನ್ನು ಮರುರೂಪಿಸಿದವು.' ದೊಡ್ಡಪ್ಪನಿಗೆ ಓದಿ ಹೇಳಿದೆ. ಅವರು ಕವಳಕ್ಕೆ ಸುಣ್ಣ ಹಚ್ಚುತ್ತಲೇ ಕೇಳಿದರು: "ಎಂತ ಮಾರಾಯ ಇದು? ಗುಡ್ಡ ಬೋಳಾದದ್ದಾ, ಬೋಳು ಮಾಡಿದ್ದಾ? ಮೊದಲು ಅದನ್ನು ಹೇಳು."

'ಭೂದೃಶ್ಯ'ವನ್ನು ಅಲ್ಲೇ ಹೊಡೆದುಹಾಕಿದೆ. ನೆಲ ಅಂದರೆ ಸಾಕು. ತೊಂದರೆ ಇರುವುದು 'ಮರುರೂಪಿಸಿದವು' ಎಂಬಲ್ಲಿ. ಅದು ಯಾರ ಕೈಯನ್ನೂ ತೋರಿಸದೆ ಜಾರಿಕೊಳ್ಳುತ್ತದೆ. ನಮ್ಮ ಆಡುಮಾತಿನಲ್ಲಿ ಹಾಗೆ ಜಾರಿಕೊಳ್ಳುವುದು ಕಷ್ಟ. ಆಯಿತು ಅಂದರೆ ತಾನಾಗಿ ಆಯಿತು. ಮಾಡಿದರು ಅಂದರೆ ಯಾರೋ ಮಾಡಿದರು.

ಆದರೆ ವಿಷಯವೇ ಹಾಗಿದೆ ನೋಡಿ. ಕಾರವಾರದ ಆಚೆ ಸಮುದ್ರದ ತಳದಿಂದ ಕೆಸರು ತೆಗೆದು, ಅದರಲ್ಲಿ ಪದರ ಪದರವಾಗಿ ಕೂತ ಪರಾಗವನ್ನು ಪರೀಕ್ಷಿಸಿದವರಿದ್ದಾರೆ. ಘಟ್ಟದ ಮರಗಳ ಪರಾಗವನ್ನು ಹೊಳೆಗಳು ಅಲ್ಲಿಗೆ ಒಯ್ದು ಹಾಕಿರುತ್ತವೆ. ಸುಮಾರು 3500 ವರ್ಷಗಳ ಹಿಂದಿನ ಪದರದಿಂದ ಈಚೆಗೆ ನಿತ್ಯಹಸಿರು ಮರಗಳ ಪರಾಗ ಕಡಿಮೆ. ಹುಲ್ಲು, ಬಯಲು ಗಿಡಗಳದ್ದು ಜಾಸ್ತಿ. ಮಳೆ ಇಳಿದದ್ದೇ ಕಾರಣ ಎಂದು 1994ರಲ್ಲಿ ಆ ಅಧ್ಯಯನ ಮಾಡಿದವರು ಹೇಳಿದರು. ಆಗಲೇ ಘಟ್ಟದಲ್ಲಿ ಜನ ಕಾಡಿಗೆ ಬೆಂಕಿ ಹಾಕಿ ಕುಮರಿ ಬೇಸಾಯ ಶುರುಮಾಡಿದ್ದರು, ಅದರ ಪಾಲೂ ಇದೆ ಎನ್ನುವವರೂ ಇದ್ದಾರೆ. ಕೆಸರು 'ಕಾಡು ಕಡಿಮೆ' ಎಂದಷ್ಟೇ ಹೇಳುತ್ತದೆ. ಆಯಿತು, ಮಾಡಿದರು ಎಂಬುದನ್ನು ನಾವು ಸೇರಿಸಬೇಕು.

ಇದೇ ಕಾರಣಕ್ಕೆ 'ಬ್ಯಾಣ' ನನ್ನನ್ನು ಕಾಡುತ್ತಿದೆ. ನಮ್ಮಲ್ಲಿ ಬ್ಯಾಣ ಅಂದರೆ ಹುಲ್ಲಿಗಾಗಿ ಇಟ್ಟುಕೊಂಡ ಜಾಗ. ಮಳೆ ಮುಗಿದ ಮೇಲೆ ಕರಡ ಕೊಯ್ಯುತ್ತಾರೆ, ಎದ್ದ ಗಿಡ ಸವರುತ್ತಾರೆ. ನಾಲ್ಕು ವರ್ಷ ಕೈಬಿಟ್ಟರೆ ಮುಳ್ಳುಹಿಂಡು ಏಳುತ್ತದೆ, ಹಿಂದೆಯೇ ಮರ ಬರುತ್ತದೆ. ಅಂದರೆ ಬ್ಯಾಣ ಕೈ ಮಾಡಿದ ಬಯಲು. ಹಾಗಾದರೆ 1343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿಯ ಹುಲ್ಲನ್ನು ಏನೆನ್ನಬೇಕು? ಅದನ್ನು ಬ್ಯಾಣ ಎಂದದ್ದನ್ನು ನಾನು ಕೇಳಿಲ್ಲ. 'ಬೋಳುಗುಡ್ಡ' ಎಂದು ಬರೆದರೆ ಮೊದಲು ಅಲ್ಲಿ ಕಾಡಿತ್ತು, ಯಾರೋ ಬೋಳಿಸಿದರು ಎಂಬ ವಾಸನೆ ಬರುತ್ತದೆ, ಅಲ್ವಾ?

ಎತ್ತರದ ಹುಲ್ಲುಗಾವಲು ಎಲ್ಲವೂ ಕಾಡು ಕಡಿದು ಆದದ್ದಲ್ಲ. ನೀಲಗಿರಿಯ ಜೌಗಿನ ಕರಿಮಣ್ಣನ್ನು ವಿಜ್ಞಾನಿ ರಾಮನ್ ಸುಕುಮಾರ್ ಮತ್ತು ಜೊತೆಗಾರರು ಪರೀಕ್ಷಿಸಿ 1993ರಲ್ಲಿ ಬರೆದಿದ್ದರು. ಬಿಸಿನಾಡಿನ ಹುಲ್ಲು ಗಾಳಿಯಿಂದ ಇಂಗಾಲ ಹೀರುವ ಬಗೆ ಬೇರೆ, ಮರದ್ದು ಬೇರೆ. ಆ ಗುರುತು ಮಣ್ಣಿನಲ್ಲಿ ಉಳಿಯುತ್ತದೆ. ಹಿಮಯುಗದ ಕೊನೆಯ ದೊಡ್ಡ ಚಳಿಯಲ್ಲಿ, ಸುಮಾರು 20,000 ವರ್ಷಗಳ ಹಿಂದೆ, ಮಳೆಗಾಲ ಬಡವಾಗಿತ್ತು. ಆಗಲೇ ಅಲ್ಲಿ ಹುಲ್ಲಿನದ್ದೇ ದರ್ಬಾರು. ಅದು ಯಾರ ಬ್ಯಾಣ?

ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಇನ್ನೊಂದು ಗಮನಿಸಿದೆ. ಆಗು, ಮಾಡು ಎರಡರ ನಡುವೆ ನಿಲ್ಲುವ ಮಾತುಗಳೂ ನಮ್ಮಲ್ಲಿವೆ. 'ಗದ್ದೆ ಹಡ್ಲು ಬಿತ್ತು' ಅನ್ನುತ್ತೇವೆ. ಗದ್ದೆ ತಾನಾಗಿ ಬೀಳುವುದಿಲ್ಲ, ಉಳುವವರು ಬಿಟ್ಟಿದ್ದಾರೆ. ಆದರೂ ಮಾತಿನಲ್ಲಿ ಬಿದ್ದದ್ದು ಗದ್ದೆಯೇ. ಪಾಳು ಬಿತ್ತು, ಬೀಳು ಬಿತ್ತು ಕೂಡ ಹೀಗೇ. ಇನ್ನು 'ಮುಳುಗಡೆ'. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಶರಾವತಿಯ ಹಿನ್ನೀರು ಊರೂರನ್ನೇ ನುಂಗಿತು. ಅಲ್ಲಿಂದ ಎದ್ದು ಬಂದವರ ಮನೆಗಳಲ್ಲಿ ಇವತ್ತಿಗೂ 'ನಮ್ಮೂರು ಮುಳುಗಡೆ ಆಯ್ತು' ಅನ್ನುತ್ತಾರೆ. ಮುಳುಗಿಸಿದರು ಎಂದು ಹೇಳಿದ್ದನ್ನು ನಾನು ಕೇಳಿದ್ದು ಅಪರೂಪ. 'ಅವರು ಮುಳುಗಡೆಯವರು' ಎಂದು ಜನರಿಗೂ ಅದೇ ಹೆಸರು ಅಂಟಿತು. ಮನುಷ್ಯ ಮಾಡಿದ ಕೆಲಸಕ್ಕೆ ಮಳೆಗಾಲಕ್ಕೆ ಬಳಸುವ 'ಆಯ್ತು' ಯಾಕೆ ಬಂತು? ನೋವಿಗೋ, ಸುಮ್ನೆ ರೂಢಿಗೋ?

ಇದಕ್ಕೆ ತದ್ವಿರುದ್ಧ ತಾಳಗುಂದದ ಶಾಸನ. ಸಂಸ್ಕೃತದ್ದು, ನಿಜ. ಕದಂಬರ ಕಾಕುಸ್ಥವರ್ಮ ಅಲ್ಲಿ ಕೆರೆ ಮಾಡಿಸಿದ ಎಂದು ಹೆಸರು ಹಿಡಿದೇ ಹೇಳುತ್ತದೆ. ಕೆರೆ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ಇರುತ್ತದೆ, ಗುಡ್ಡಕ್ಕೆ ಬೆಂಕಿ ಹಾಕಿದವರದ್ದು ಎಲ್ಲಿ ಇರಬೇಕು!

'ಕಾನು' ಇನ್ನೂ ತೊಡಕು. ತಮಿಳಿನಲ್ಲೂ ಕಾನ್, ಕಾನಂ ಇವೆ, ಅಲ್ಲಿ ಸುಮ್ಮನೆ ಕಾಡು ಎಂದೇ ಅರ್ಥ. ಸೊರಬ, ಸಾಗರದ ಕಡೆ ಹಾಗಲ್ಲ. ಸುತ್ತ ಎಲೆ ಉದುರುವ ಕಾಡಿದ್ದರೂ ನಡುವೆ ದಟ್ಟ ಹಸಿರಾಗಿ ಉಳಿದದ್ದು ಕಾನು. ಅದರಲ್ಲಿ ದೇವರಿದೆ, ಕಾಳುಮೆಣಸಿನ ಬಳ್ಳಿ ಇದೆ. ಸೊರಬದ ಕಾನುಗಳ ಮೇಲೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ವರದಿ ಬರೆದಿದ್ದರು. ಕಾನು ಉಳಿಯಿತೋ, ಉಳಿಸಿದರೋ? ನನಗಂತೂ ಎರಡೂ ಸರಿ ಅನಿಸುತ್ತದೆ.

ನಡುವೆ ಒಂದು ತಮಾಷೆ. ಬಿಸಿಲು, ಮಳೆ ಸೇರಿ ಲಕ್ಷಾಂತರ ವರ್ಷ ಬಂಡೆಯನ್ನು ಕೊಳೆಸಿ ಮಾಡಿದ ಕಲ್ಲು ನಮ್ಮ ಜಂಬಿಟ್ಟಿಗೆ. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ಕಡೆ ಸುತ್ತಿದ ಬುಕಾನನ್ ಎಂಬ ವೈದ್ಯ 1807ರಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ 'ಲೇಟರ್' ಅಂದರೆ ಇಟ್ಟಿಗೆ. ನಮ್ಮವರೂ ಅವನೂ ಹವಾಮಾನ ಮಾಡಿದ್ದಕ್ಕೆ ಮನುಷ್ಯ ಸುಟ್ಟದ್ದರ ಹೆಸರನ್ನೇ ಇಟ್ಟರು.

ಈಗ ಕೇಳಬೇಕಾದದ್ದು ಮೂರು. ತೀರ್ಥಹಳ್ಳಿ, ಹೊಸನಗರ, ಶೃಂಗೇರಿ ಕಡೆಯವರು ತಾನಾಗಿ ಹುಲ್ಲಿರುವ ಗುಡ್ಡದ ನೆತ್ತಿಗೆ ಬೇರೆ ಪದ ಬಳಸುತ್ತಾರಾ? ಹಡ್ಲು ಬೀಳು, ಮುಳುಗಡೆ ಆಗು ಇವುಗಳ ಹಾಗೆ, ಮಳೆ ಮತ್ತು ಮನುಷ್ಯ ಇಬ್ಬರ ಪಾಲೂ ಇರುವ ಕ್ರಿಯಾಪದ ನಿಮ್ಮ ಮನೆಮಾತಿನಲ್ಲಿ ಇನ್ಯಾವುದಿದೆ? ಹಾಗೇ, ಜಂಬಿಟ್ಟಿಗೆಯ 'ಜಂಬು' ಎಲ್ಲಿಂದ ಬಂತು?

ಸದ್ಯಕ್ಕೆ ಫಲಕದಲ್ಲಿ 'ಮಳೆ ಇಳಿಯಿತು, ಜನ ಬೆಂಕಿ ಹಾಕಿದರು, ಕಾಡು ತೆಳ್ಳಗಾಯಿತು' ಎಂದು ಬರೆದಿಟ್ಟಿದ್ದೇನೆ. ಅದಕ್ಕೂ ದೊಡ್ಡಪ್ಪ, "ಇದೇ ಸಾಲಿನಲ್ಲಿ ಆಯ್ತು ಅಂತ ಯಾರು ಹೇಳಿದ್ದು?" ಎಂದರು. ಶನಿವಾರದೊಳಗೆ ಬಣ್ಣ ಬರೆಯುವವನಿಗೆ ಕೊಡಬೇಕು.